ಗಂಡಭೇರುಂಡದ ಮೊಟ್ಟೆಗೆ ಕಾವು ಕೊಟ್ಟ ನರಿ

ಒಂದು ಕಾಡಿನಲ್ಲಿ ಮರಗಳು ಎಷ್ಟು ಒತ್ತೊತ್ತಾಗಿದ್ದವೆಂದರೆ, ಮೇಲೆ ಬಿದ್ದ ಮಳೆಹನಿ ಕೊಂಬೆಕೊಂಬೆಯಲ್ಲೂ ದಾರಿ ಕೇಳಿಕೊಂಡು ನೆಲ ಮುಟ್ಟುವಷ್ಟರಲ್ಲಿ ಮೂರು ದಿನ ಆಗುತ್ತಿತ್ತು. ನಾಲ್ಕು ದಿನ ಅನ್ನುವವರೂ ಇದ್ದಾರೆ. ನಂಬಬೇಡಿ. ಮೂರೇ ದಿನ.

ಆ ಕಾಡಿನ ಪ್ರಾಣಿಗಳು ಮಹಾ ಬುದ್ಧಿವಂತರು. 'ಗೊತ್ತಿಲ್ಲ' ಅನ್ನುವ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬರದಿರಲು ಒಂದು ಕಟ್ಟಳೆಯೇ ಕಾರಣ. ಕಾಡಿಗೆ ಹೊಸ ವಸ್ತು ಏನೇ ಬರಲಿ, ಅದು ಏನೆಂದು ಸಭೆ ತೀರ್ಮಾನ ಮಾಡುವ ತನಕ ಸಭೆಯವರು ಯಾರೂ ಅದನ್ನು ಮುಟ್ಟುವಂತಿಲ್ಲ. ಸಭೆಯಲ್ಲಿ ಕೇಳಿದಾಗ 'ಗೊತ್ತಿಲ್ಲ' ಅಂದವರು ಹೊತ್ತು ಮುಳುಗುವ ತನಕ ಒಂಟಿ ಕಾಲಲ್ಲಿ ನಿಲ್ಲಬೇಕು. ಸಭೆಯ ಹಿರಿಯ, ಆನೆ ದೊಡ್ಡಯ್ಯ, ಒಮ್ಮೆ ಬಾಯಿತಪ್ಪಿ 'ಗೊತ್ತಿಲ್ಲ' ಅಂದುಬಿಟ್ಟಿದ್ದ. ಮಧ್ಯಾಹ್ನದ ತನಕ ಹೇಗೋ ನಿಂತ. ಆಮೇಲೆ ಬಿದ್ದ. ಬಿದ್ದ ಜಾಗದಲ್ಲಿ ಈಗ ಕೆರೆ ಇದೆ, ಮೀನೂ ಇವೆ. ಅಂದಿನಿಂದ ದೊಡ್ಡಯ್ಯನಿಗೆ ಎಲ್ಲವೂ ಗೊತ್ತು.

ಅದೇ ಕಾಡಿನ ಇಳಿಜಾರಿನಲ್ಲಿ ಮುಳ್ಳವ್ವ ಎಂಬ ಮುಳ್ಳುಹಂದಿಯ ಬಿಲವಿತ್ತು. ಅವಳಿಗೆ ಇಬ್ಬರು ಮಕ್ಕಳು, ಸೂಜಿ ಮತ್ತು ದಬ್ಬಳ. ಒಂದು ಬೆಳಗ್ಗೆ ಅವಳು ಗೆಣಸು ಅಗೆದುಕೊಂಡು ಮನೆಗೆ ಬಂದರೆ, ಮನೆಗೆ ಬಾಗಿಲೇ ಇಲ್ಲ! ಬಿಲದ ಬಾಯಿಗೆ ಬಿರಡೆ ಜಡಿದ ಹಾಗೆ ಬೆಳ್ಳಗೆ, ದಪ್ಪಗೆ ಏನೋ ಕೂತಿತ್ತು.

ಮಕ್ಕಳೇ, ಅದು ಒಂದು ಬೂದುಗುಂಬಳಕಾಯಿ. ಮೇಲಿನ ರಸ್ತೆಯಲ್ಲಿ ಸಂತೆಗೆ ಹೋಗುತ್ತಿದ್ದ ಗಾಡಿಯಿಂದ ಉರುಳಿ ಬಂದಿತ್ತು. ನಿಮಗೆ ಗೊತ್ತು, ನಮಗೆ ಗೊತ್ತು. ಆದರೆ ಆ ಕಾಡಿನಲ್ಲಿ ಯಾರೂ ಅದರ ಮುಖ ನೋಡಿರಲಿಲ್ಲ.

"ಅವ್ವಾ, ಹಸಿವು!" ಒಳಗಿನಿಂದ ಸೂಜಿ ಕೂಗಿತು.

"ಅವ್ವಾ, ಇವಳು ನನ್ನ ಕಾಲು ತುಳಿದಳು!" ದಬ್ಬಳ ಕೂಗಿತು.

ಮುಳ್ಳವ್ವ ಗೆಣಸನ್ನು ಅಲ್ಲೇ ಬಿಟ್ಟಳು. ಓಡಿ ಹೋಗಿ ದೊಡ್ಡಯ್ಯನ ಕಾಲಿಗೆ ಬಿದ್ದಳು. "ದೊಡ್ಡಯ್ಯಾ, ಸೊಂಡಿಲಲ್ಲಿ ಒಂದು ಸಲ ಎಳೆದುಬಿಡು. ಮಕ್ಕಳು ಒಳಗಿವೆ."

"ಎಳೆಯೋಣ ತಾಯಿ, ಅದಕ್ಕೇನಂತೆ. ಮೊದಲು ಅದು ಏನು ಅಂತ ತೀರ್ಮಾನ ಆಗಲಿ."

ಸಭೆ ಬಿಲದ ಮುಂದೆಯೇ ಕೂತಿತು. ದೊಡ್ಡಯ್ಯ ಗಂಟಲು ಸರಿಮಾಡಿಕೊಂಡು, "ಇದು ಚಂದ್ರನ ಕರು. ಮೋಡ ಮೇಯುವಾಗ ಜಾರಿ ಬಿದ್ದಿದೆ," ಅಂದ.

"ಚೆನ್ನಾಗಿ ಹೇಳಿದೆ!" ಅಂದ ಕರಡಿ ಬೋರಣ್ಣ. "ಇದು ಜೇನುಗೂಡು ಕಣಯ್ಯ. ಹುಳಗಳು ನೆಂಟರ ಮನೆಗೆ ಹೋಗಿವೆ. ಹೋಗುವಾಗ ಬಾಗಿಲು ಹಾಕಿಕೊಂಡು ಹೋಗಿವೆ."

ಮುಸುವ ಮರದ ಮೇಲಿಂದಲೇ, "ನಿಮ್ಮ ಕಣ್ಣಿಗೆ ಮಣ್ಣು ಹಾಕ! ಅದು ಬಾಲ ಉದುರಿದ ಮುದಿ ಮುಸುವ. ಪಾಪ, ನಮ್ಮ ಅಜ್ಜನ ಹಾಗೇ ಇದೆ," ಅಂತ ಕಣ್ಣೊರೆಸಿಕೊಂಡಿತು.

ಆಗ ಗುಂಪಿನ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ನರಿ ಜಾಣಪ್ಪ ಮುಂದೆ ಬಂದ. ಜಾಣಪ್ಪನಿಗೆ ಹೊಟ್ಟೆ ಹಸಿದಾಗಲೆಲ್ಲ ಜ್ಞಾನ ಉಕ್ಕುತ್ತಿತ್ತು.

"ಅಜ್ಞಾನಿಗಳಿರಾ, ಇದು ಗಂಡಭೇರುಂಡದ ಮೊಟ್ಟೆ!"

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಎರಡು ತಲೆಯ ಹಕ್ಕಿ! ಆನೆಯನ್ನೇ ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರುವ ಹಕ್ಕಿ! ದೊಡ್ಡಯ್ಯ ಮಾತ್ರ ನಾಲ್ಕು ಹೆಜ್ಜೆ ಸರಿದ.

"ನಲವತ್ತು ದಿನ ಕಾವು ಕೊಡಬೇಕು," ಅಂದ ಜಾಣಪ್ಪ. "ವಿಷಯ ಬಲ್ಲವರೇ ಮೇಲೆ ಕೂರಬೇಕು. ಇಡೀ ಕಾಡಿನಲ್ಲಿ ಬಲ್ಲವನು ನಾನೊಬ್ಬನೇ, ಏನು ಮಾಡಲಿ? ನಿಮಗಾಗಿ ಕೂರುತ್ತೇನೆ. ಕೂತವನು ಎದ್ದು ಹೋಗುವಂತಿಲ್ಲ. ಹೊತ್ತುಹೊತ್ತಿಗೆ ಏಡಿ, ಜೇನು, ನೇರಳೆಹಣ್ಣು ನೀವೇ ತಂದುಕೊಡಿ. ಏಡಿ ಸ್ವಲ್ಪ ದಪ್ಪಗಿರಲಿ."

"ನಲವತ್ತು ದಿನವೇ!" ಮುಳ್ಳವ್ವ ಕಿರುಚಿದಳು. "ನನ್ನ ಮಕ್ಕಳ ಗತಿ?"

"ಗಂಡಭೇರುಂಡದ ಮುಂದೆ ನಿನ್ನ ಎರಡು ಮರಿ ಯಾವ ಮೂಲೆಗಮ್ಮ? ಇದು ಮೊಟ್ಟೆಯಲ್ಲ ಅಂತೀಯಾ? ಹಾಗಾದರೆ ಏನು ಅಂತ ನೀನೇ ಹೇಳು."

ಮುಳ್ಳವ್ವ ಅದನ್ನು ದಿಟ್ಟಿಸಿ ನೋಡಿದಳು. ಏನಾದರೂ ಒಂದು ಹೆಸರು ಹೇಳಿಬಿಡಬಹುದಿತ್ತು. ಆದರೆ ಸುಳ್ಳು ಹೆಸರಿಗೆ ಬಾಗಿಲು ತೆರೆಯುತ್ತದೆಯೇ?

"ನನಗೆ ಗೊತ್ತಿಲ್ಲ," ಅಂದಳು. "ಮೂಸಿ ನೋಡೋಣ. ತಟ್ಟಿ ನೋಡೋಣ. ಒಂದು ಚೂರು ಕಚ್ಚಿ ನೋಡೋಣ."

ಸಭೆ ಗೊಳ್ಳೆಂದು ನಕ್ಕಿತು. ಬೋರಣ್ಣನಂತೂ ನಕ್ಕು ನಕ್ಕು ಮುಸುವ ಕೂತಿದ್ದ ಮರವನ್ನೇ ತಬ್ಬಿಕೊಂಡ. "ಗೊತ್ತಿಲ್ಲವಂತೆ! ಒಂಟಿ ಕಾಲು, ಒಂಟಿ ಕಾಲು!"

ಪಾಪ, ಮುಳ್ಳವ್ವ ಬಿಲದ ಪಕ್ಕದಲ್ಲೇ ಮೂರು ಕಾಲು ಮಡಚಿ ನಿಂತಳು. ಸಭೆ ಅದು ಮೊಟ್ಟೆಯೆಂದೇ ತೀರ್ಮಾನಿಸಿ, ಬಲ್ಲವನಲ್ಲದೆ ಸಭೆಯವರು ಬೇರೆ ಯಾರೂ ಮುಟ್ಟಬಾರದೆಂದಿತು. ಜಾಣಪ್ಪ ಕುಂಬಳಕಾಯಿ ಏರಿ ಕಾಲ ಮೇಲೆ ಕಾಲು ಹಾಕಿ ಕೂತ. ಊಟ ಬರತೊಡಗಿತು.

ನಿಂತಲ್ಲಿ ಮಾಡಲು ಬೇರೆ ಕೆಲಸವಿಲ್ಲ. ಮುಳ್ಳವ್ವ ನೋಡುತ್ತಲೇ ಇದ್ದಳು. ಜಾಣಪ್ಪ ಮಗ್ಗುಲು ಬದಲಿಸಿದಾಗಲೆಲ್ಲ ಅವನ ತೊಡೆಗೆ ಬಿಳಿ ಬೂದಿ ಮೆತ್ತಿಕೊಳ್ಳುತ್ತಿತ್ತು. ಕಾಯಿ ಹಸಿರಾಗುತ್ತಾ ಬಂತು. ತುದಿಯಲ್ಲಿ ಒಂದು ಮೋಟು ತೊಟ್ಟು ಕಂಡಿತು.

"ಜಾಣಪ್ಪನವರೇ, ಮೊಟ್ಟೆಗೆ ತೊಟ್ಟು ಇರುತ್ತದೆಯೇ?"

"ಇರುತ್ತದಮ್ಮ," ಅಂದ ಜಾಣಪ್ಪ, ಏಡಿ ಕಾಲು ಚೀಪುತ್ತಾ. "ತಾಯಿ ಹಕ್ಕಿ ಹಿಡಿದುಕೊಂಡು ಹಾರಬೇಡವೇ? ಅದು ಹಿಡಿ."

ಹೂಂ, ಅಂದುಕೊಂಡಳು ಮುಳ್ಳವ್ವ. ಕಟ್ಟಳೆ ಇರುವುದು ಸಭೆಯವರಿಗೆ. ಸೂಜಿ, ದಬ್ಬಳ ಸಭೆಗೆ ಬಂದೇ ಇಲ್ಲವಲ್ಲ! ಅವಳು ಪಕ್ಕದ ಸಂದಿಗೆ ಮೂತಿ ಇಟ್ಟು ಪಿಸುಗುಟ್ಟಿದಳು. "ಮಕ್ಕಳೇ, ಒಳಗಿನಿಂದ ಅದು ಹೇಗೆ ಕಾಣುತ್ತದೆ?"

"ಕತ್ತಲೆಯ ಹಾಗೆ ಕಾಣುತ್ತದೆ, ಅವ್ವಾ."

"ಮೂಸಿ ನೋಡಿ."

"ದಬ್ಬಳನ ವಾಸನೆ."

"ಅವನನ್ನಲ್ಲ ಕಣೇ, ಅದನ್ನು!"

ಮೂಗು ಒತ್ತಿ ಮೂಸಿ, "ಕಾಡುಸೌತೆಯ ಹಾಗಿದೆ, ಅವ್ವಾ," ಅಂತು ಸೂಜಿ.

"ಒಂದೇ ಒಂದು ಕಡೆ ಕೆರೆದು, ನಾಲಿಗೆಯ ತುದಿಗೆ ಮುಟ್ಟಿಸಿ. ಕಹಿಯಾದರೆ ಉಗಿದುಬಿಡಿ."

"ಕಹಿ ಇಲ್ಲ."

"ಉರಿ?"

"ಅದೂ ಇಲ್ಲ."

ಮುಳ್ಳವ್ವ ನೂರು ಎಣಿಸಿದಳು. ಅವಳಿಗೆ ಹತ್ತರ ಮೇಲೆ ಬರುತ್ತಿರಲಿಲ್ಲ, ಹತ್ತನ್ನೇ ಹತ್ತು ಸಲ ಎಣಿಸಿದಳು. "ಹೊಟ್ಟೆ ನೋಯುತ್ತಿದೆಯಾ?"

"ಹಸಿವಿಗೆ ನೋಯುತ್ತಿದೆ."

"ಹಾಗಾದರೆ ತಿನ್ನಿ!"

ಆಮೇಲೆ ಕೇಳಬೇಕೆ! ಒಳಗೆ ಕರಕರ, ಕರಕರ. ಆ ಸದ್ದಿಗೆ ಮೂರು ಗುಡ್ಡದಾಚೆ ಮಲಗಿದ್ದ ಹುಲಿ ಎದ್ದು ಕಿವಿ ಕೆರೆದುಕೊಂಡಿತಂತೆ.

"ಮೊಟ್ಟೆಯಲ್ಲಿ ಸದ್ದು!" ಮುಸುವ ಕೂಗಿತು.

ಜಾಣಪ್ಪ ಒಮ್ಮೆ ಕೆಳಗೆ ಬಗ್ಗಿ ನೋಡಿದ. ಆದರೂ ಮೀಸೆ ತಿರುವಿ, "ಮರಿ ಮಾತಾಡುತ್ತಿದೆ," ಅಂದ.

"ಏನಂತೆ?"

"ಏಡಿ ಸಾಲದಂತೆ. ಇನ್ನೆರಡು ತರಬೇಕಂತೆ."

ಹೊತ್ತು ಇಳಿಯುತ್ತಾ ಬಂತು. ಮಕ್ಕಳು ತಿರುಳು ಮುಗಿಸಿ ಸಿಪ್ಪೆಗೆ ಬಂದಿದ್ದರು. ಜಾಣಪ್ಪನ ಹೊಟ್ಟೆಯೊಳಗೆ ಹದಿನೇಳು ಏಡಿ. ಹದಿನೆಂಟನೆಯದಕ್ಕೆ ಕೈ ಚಾಚಿದ. ಅಷ್ಟೇ! ಕುಂಬಳಕಾಯಿ ಫಟ್ಟೆಂದು ಒಡೆಯಿತು. ಜಾಣಪ್ಪ ಹಿಂಬದಿ ಮುಂದಾಗಿ ಒಳಗೆ ಇಳಿದ. ಕೆಳಗೆ ಸೂಜಿ ಮತ್ತು ದಬ್ಬಳ, ಮುಳ್ಳು ನಿಗುರಿಸಿ ಸಿದ್ಧ.

"ಅಯ್ಯಯ್ಯಯ್ಯೋ!"

ಜಾಣಪ್ಪ ತಾಳೆಮರದೆತ್ತರ ಹಾರಿದ. ತಾಳೆಮರ ಅಂದದ್ದು ಕಡಿಮೆಯೇ ಆಯಿತು. ಅವನು ಇನ್ನೂ ಗಾಳಿಯಲ್ಲಿರುವಾಗಲೇ ಕಾಯಿಯ ತೂತಿನಿಂದ ತಿರುಳು, ಬೀಜ ಮೆತ್ತಿಕೊಂಡ ಎರಡು ತಲೆ ಒಟ್ಟಿಗೆ ಮೇಲೆ ಬಂದವು.

"ಎರಡು ತಲೆ! ಗಂಡಭೇರುಂಡ ಹುಟ್ಟಿತು!" ಸಭೆಯೆಲ್ಲ ಅಡ್ಡಬಿತ್ತು. ದೊಡ್ಡಯ್ಯ ಒಂದು ಪೊದೆಯ ಹಿಂದೆ ಬಚ್ಚಿಟ್ಟುಕೊಂಡ. ಪೊದೆ ಅವನ ಮೊಣಕಾಲಿನವರೆಗೆ ಬರುತ್ತಿತ್ತು.

"ಅವ್ವಾ!" ಅಂದಿತು ಒಂದು ತಲೆ.

"ಅವ್ವಾ, ಇವಳು ನನಗಿಂತ ಜಾಸ್ತಿ ತಿಂದಳು!" ಅಂದಿತು ಇನ್ನೊಂದು.

ಮುಳ್ಳವ್ವ ಒಂಟಿ ಕಾಲಲ್ಲೇ ಕುಂಟುತ್ತಾ ಹೋಗಿ ಇಬ್ಬರನ್ನೂ ಎಳೆದು ತಬ್ಬಿಕೊಂಡಳು. ಮುಳ್ಳುಹಂದಿಗಳು ತಬ್ಬಿಕೊಳ್ಳುವುದು ಹೇಗೆ ಅಂತ ಕೇಳಬೇಡಿ. ತಬ್ಬಿಕೊಂಡಳು, ಅಷ್ಟೇ.

ಅಷ್ಟರಲ್ಲಿ ಜಾಣಪ್ಪ ನೆಲಕ್ಕೆ ಬಂದ. ಬೋರಣ್ಣ ಅವನ ಹಿಂಬದಿ ನೋಡಿ, "ಇದೇನಯ್ಯ ಚುಚ್ಚಿಕೊಂಡಿರುವುದು?" ಅಂತ ಕೇಳಿದ.

"ಗೊತ್ತಿಲ್ಲಪ್ಪೋ! ನನಗೇನೂ ಗೊತ್ತಿಲ್ಲ! ಮೊದಲು ಕೀಳು!"

 ಎಲ್ಲರೂ ಒಂದೇ ದನಿಯಲ್ಲಿ, "ಒಂಟಿ ಕಾಲು!" ಅಂದರು. ಜಾಣಪ್ಪ ನಿಂತ. ಹೊತ್ತು ಮುಳುಗಿದ ಮೇಲೂ ನಿಂತೇ ಇದ್ದ. ಹನ್ನೊಂದು ದಿನ ಅವನಿಗೆ ಕೂರಲು ಆಗಲಿಲ್ಲ.

ದೊಡ್ಡಯ್ಯ ಪೊದೆಯಿಂದ ಹೊರಬಂದು ಮೆಲ್ಲನೆ ಕೇಳಿದ. "ಮುಳ್ಳವ್ವಾ, ಹಾಗಾದರೆ ಇದು ಏನು?"

"ಹೆಸರು ಈಗಲೂ ಗೊತ್ತಿಲ್ಲ, ದೊಡ್ಡಯ್ಯ. ತಿನ್ನಬಹುದು ಅನ್ನುವಷ್ಟು ಗೊತ್ತಾಯಿತು. ನಾಳೆ ಬೀಜ ಹಾಕಿ ನೋಡೋಣ, ಇನ್ನಷ್ಟು ಗೊತ್ತಾಗುತ್ತದೆ."

ದೊಡ್ಡಯ್ಯ ತಲೆ ಕೆರೆದುಕೊಂಡ. ಅಂದೇ ಕಟ್ಟಳೆ ಬದಲಾಯಿತು. 'ಗೊತ್ತಿಲ್ಲ' ಅಂದವರಿಗೆ ಒಂಟಿ ಕಾಲಿಲ್ಲ, ರುಚಿ ನೋಡಲು ಮೊದಲ ಚೂರು. ಮರುಕ್ಷಣವೇ ಉಳಿದಿದ್ದ ಹೋಳುಗಳ ಮುಂದೆ ಉದ್ದನೆಯ ಸಾಲು ನಿಂತಿತು. ಸಾಲಿನ ಮುಂದೆ ನಿಂತವನು ದೊಡ್ಡಯ್ಯನೇ.

"ನನಗೆ ಏನೇನೂ ಗೊತ್ತಿಲ್ಲಮ್ಮ," ಅಂದ ಅವನು, ಬಾಯಿ ಅಗಲ ಮಾಡಿ. "ದೊಡ್ಡ ಹೋಳೇ ಕೊಡು."

ನೀತಿ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡವರಿಗೆ ಮಾತ್ರ ನಿಜವನ್ನು ಹುಡುಕುವ ದಾರಿ ತೆರೆಯುತ್ತದೆ, ಎಲ್ಲ ಬಲ್ಲೆ ಎಂದು ಸುಳ್ಳಿನ ಮೇಲೆ ಕೂತವರಿಗೆ ನಿಜ ಕೆಳಗಿನಿಂದ ಚುಚ್ಚುತ್ತದೆ.