ಫಕೀರವ್ವನ ಹಗೇವು

ಬಹಳ ಹಿಂದಿನ ಮಾತು ಇದು. ಇಸವಿ ಎಣಿಸುವವರು ಇನ್ನೂ ಹುಟ್ಟಿರಲಿಲ್ಲ. ಎರೆಗುಪ್ಪಿ ಎಂಬ ಒಂದು ಊರಿನಲ್ಲಿ ಫಕೀರವ್ವ ಎಂಬ ಹೆಂಗಸು ಇದ್ದಳಂತೆ. ಎತ್ತರದ ಆಳು, ಮಾತು ಕಡಿಮೆ. ಅವಳು ಓಣಿಯಲ್ಲಿ ಬಂದರೆ ಕಟ್ಟೆಯ ಮೇಲಿನ ಗಂಡಸರು ಕಾಲು ಮಡಚಿಕೊಳ್ಳುತ್ತಿದ್ದರಂತೆ. ಗೌರವಕ್ಕೋ ಅಂಜಿಕೆಗೋ, ಹೇಳುವವರು ಎರಡನ್ನೂ ಹೇಳುತ್ತಾರೆ.

ಆ ಊರಿಗೆ ಎರಡು ಅಂಜಿಕೆಗಳಿದ್ದವು, ಮಕ್ಕಳೇ. ಮೊದಲನೆಯದು ಹಗೇವಿನದು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ಬಹುಕಾಲ ಕೆಡದು. ಆದರೆ ಬಂಡೆ ಸರಿಸಿದ ಕೂಡಲೇ ಇಳಿದವನು ಮೇಲೆ ಬರುತ್ತಿರಲಿಲ್ಲ. ಗಾಯವಿಲ್ಲ, ರಕ್ತವಿಲ್ಲ, ಕಾಳಿನ ಮೇಲೆ ನಿದ್ದೆ ಹೋದಂತೆ ಬಿದ್ದಿರುತ್ತಿದ್ದನಂತೆ. ಹಗೇವು ಉಸಿರು ಕುಡಿಯುತ್ತದೆ ಎನ್ನುತ್ತಿದ್ದರು ಜನ.

ಎರಡನೆಯ ಅಂಜಿಕೆ ಇದಕ್ಕಿಂತ ಕೆಟ್ಟದ್ದು. ಕಣ್ಣಿಲ್ಲದವರು, ಕೈಕಾಲು ಸೋತವರು, ಮಾತು ಬಾರದವರು ಬಿತ್ತುವ ಬೀಜ ಮುಟ್ಟಿದರೆ ಭೂಮಿ ಮುನಿದು ಊರನ್ನೇ ಒಣಗಿಸುತ್ತದೆ ಎಂದು ನಂಬಿದ್ದರು. ಅಂಥವರಿಗೆ ಹೊಲವಿದ್ದರೂ ಬೀಜ ಕೊಡುವವರಿಲ್ಲ, ಬೀಜ ಸಿಕ್ಕರೂ ಎತ್ತು ಕಟ್ಟುವವರಿಲ್ಲ. ಊರಿನ ಒಕ್ಕಲುತನವೆಲ್ಲ ನಡೆಯುತ್ತಿದ್ದುದು ಮುಯ್ಯಿಯ ಮೇಲೆ. ಇಂದು ನೀನು ನನ್ನ ಹೊಲಕ್ಕೆ ದುಡಿಯಲು ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಮುಯ್ಯಿ ತೀರಿಸಲಾರದವನ ಹೊಲಕ್ಕೆ ಯಾರು ಬರುತ್ತಾರೆ?

ಫಕೀರವ್ವನ ತಮ್ಮ ಹುಟ್ಟುಕುರುಡ. ಸ್ವಂತ ಹೊಲ ಇದ್ದೂ ಊರು ಹೊಗುವ ಅಗಸಿ ಬಾಗಿಲಲ್ಲಿ ಕುಳಿತು ಬೇಡಿ ತಿಂದು ಸತ್ತನಂತೆ. ಅವನನ್ನು ಮಣ್ಣು ಮಾಡಿ ಬಂದವಳು ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಿತ್ತಲಲ್ಲಿ ಒಂದು ಹಗೇವು ತೋಡಿಸಿದಳಂತೆ, ತನ್ನ ಹೊಲದ ಒಳ್ಳೆಯ ಜೋಳವನ್ನೆಲ್ಲ ಅದಕ್ಕೆ ಸುರಿದಳಂತೆ. ಅಂಗ ಸೋತವರು ಯಾರೇ ಮೊದಲ ಸಲ ಬಿತ್ತುವುದಾದರೆ ಬೀಜ ಈ ಹಗೇವಿನದು, ಎತ್ತು, ಬೀಜ ಬಿತ್ತುವ ಕೂರಿಗೆ ತನ್ನವು, ರಾಶಿ ಆಗುವವರೆಗೆ ರೊಟ್ಟಿಯೂ ತನ್ನದೇ ಎಂದು ಡಂಗುರ ಸಾರಿಸಿದಳು. ಬೆಳೆ ಬಂದರೆ ಒಯ್ದಷ್ಟನ್ನೇ ಹಗೇವಿಗೆ ಹಾಕಬೇಕು, ಮುಂದೆ ಬರುವವರಿಗಾಗಿ. ಬರದಿದ್ದರೆ ಏನೂ ಇಲ್ಲ.

ಮೊದಲು ಬಂದವಳು ಕುರುಡಿ ನೀಲವ್ವ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದಕ್ಕೆ ಕಣ್ಣೇಕೆ? ಬೆರಳು ಸಾಕು. ಅವಳ ಬೆಳೆ ಬಂತು. ಅವಳ ಹಿಂದೆ ಇನ್ನಷ್ಟು ಜನ ಬಂದರು. ಬೆಳೆ ಬಂದಂತೆಲ್ಲ ಊರಿನ ಅಂಜಿಕೆ ಕಡಿಮೆಯಾಗಲಿಲ್ಲ, ಹೆಚ್ಚಿತು. ಭೂಮಿ ಸುಮ್ಮನೆ ಬಿಡುವುದಿಲ್ಲ, ಎಲ್ಲ ಕೂಡಿಸಿ ಒಂದೇ ಸಲ ಕೇಳುತ್ತದೆ ಎಂದು ಪಿಸುಗುಟ್ಟತೊಡಗಿದರಂತೆ.

ಫಕೀರವ್ವ ಹಗೇವು ತೆರೆಯುವ ರೀತಿಯೂ ಅವರನ್ನು ಹೆದರಿಸುತ್ತಿತ್ತು. ಬೆಳಗಾಗುತ್ತಲೇ ಬಂಡೆ ಸರಿಸಿ, ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗಕ್ಕೆ ಬಿಗಿದು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಿದ್ದಳು. ಆಮೇಲೆ ಒಂದು ದೀಪ ಇಳಿಬಿಡುತ್ತಿದ್ದಳು. ಕಾಳಿನ ತನಕ ಹೋಗಿಯೂ ದೀಪ ಉರಿದರೆ ಆಳು ಇಳಿಯಬೇಕು, ಆರಿದರೆ ಮತ್ತೆ ಟೊಂಗೆ. ಕಾಳೂ ಉಸಿರಾಡುತ್ತದೆ, ಮುಚ್ಚಿಟ್ಟರೆ ಒಳಗಿನ ಗಾಳಿಯನ್ನು ಕೆಡಿಸುತ್ತದೆ ಎಂದು ಅವಳು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಒಳಗೆ ಇರುವುದಕ್ಕೆ ಬೆಂಕಿ ಉಣಿಸುತ್ತಾಳೆ ಎನ್ನುತ್ತಿದ್ದರು.

ಇನ್ನು ಕಳಕಪ್ಪನ ಮಾತು. ಅವನ ಎರಡೂ ಕಾಲು ಎಳವೆಯಲ್ಲೇ ಸೋತಿದ್ದವು. ಅಂಗೈ ಊರಿ ನೆಲದ ಮೇಲೆ ಸರಿಯುತ್ತಿದ್ದ. ತೋಳು ಮಾತ್ರ ಕಬ್ಬಿಣ. ಅವನ ತಾಯಿ ಸತ್ತ ಮೇಲೆ ಅವಳ ತುಂಡು ಹೊಲ ಬೀಳು ಬಿದ್ದಿತ್ತು. ಬೀಳು ಬಿದ್ದ ಹೊಲ ಊರಗೌಡನ ಪಾಲಾಗುವುದು ಆಗಿನ ಕಟ್ಟಳೆ. ಆ ಹಿಂಗಾರಿಗೆ ಬಿತ್ತಿದರೆ ಹೊಲ ಕಳಕಪ್ಪನದು, ಬಿತ್ತದಿದ್ದರೆ ಅವನಿಗೂ ಅಗಸಿ ಬಾಗಿಲೇ ಗತಿ.

ಆ ವರ್ಷ ಮಳೆ ಹುಚ್ಚು ಹಿಡಿದಂತೆ ಸುರಿದು ನಿಂತಿತು. ಎಲ್ಲರ ಹೊಲಗಳು ಬಿತ್ತನೆಯ ಹದಕ್ಕೆ ಬಂದವು. ಎರೆಮಣ್ಣಿನ ಹದ ಎಷ್ಟು ಹೊತ್ತು ನಿಂತೀತು? ಕಳಕಪ್ಪ ಬೀಜ ಕೇಳಿಕೊಂಡು ಹಿತ್ತಲಿಗೆ ಬಂದು ಹಗೇವಿನ ಪಕ್ಕ ಕುಳಿತ. ಫಕೀರವ್ವ ಬಂಡೆ ಸರಿಸಿದಳು, ದೀಪ ಬಿಟ್ಟಳು. ದೀಪ ಆರಿತು. ಟೊಂಗೆ ಆಡಿಸಿ ಮತ್ತೆ ಬಿಟ್ಟಳು. ಮತ್ತೆ ಆರಿತು. ಮಳೆಯ ನೀರು ಒಳಗೆ ಜಿನುಗಿ ಕಾಳು ಬೆವತಿತ್ತಂತೆ. ಮರುದಿನವೂ ದೀಪ ಆರಿತು. ಊರೆಲ್ಲ ಹಿತ್ತಲಿನ ಗೋಡೆಯ ಆಚೆ ನಿಂತು ನೋಡುತ್ತಿತ್ತು.

ಊರಗೌಡ ಮಾತ್ರ ಗೋಡೆಗೆ ಕೈಯಿಟ್ಟು ನಕ್ಕನಂತೆ. "ಯವ್ವಾ ಫಕೀರವ್ವ, ನಿನ್ನ ಹಗೇವು ಬಾಯಿ ತೆಗದೈತಿ, ಏನಾರ ಉಣ್ಣಾಕ ಕೊಡು."

"ನೀವ ಇಳೀರಿ ಗೌಡ್ರ, ಹೊಟ್ಟಿ ತುಂಬೀತು," ಎಂದಳಂತೆ ಅವಳು, ಟೊಂಗೆ ಆಡಿಸುವುದನ್ನು ಬಿಡದೆ.

ಜನ ನಕ್ಕರು. ಗೌಡನ ಮುಖ ಕಪ್ಪಿಟ್ಟಿತು. ಅವನು ಕಳಕಪ್ಪನ ಕಡೆ ತಿರುಗಿ, "ಏ ಕಳಕ್ಯಾ, ನಾಳೆ ಹೊಲ ಬಿರೀತೈತಿ. ಹೆಂಗಸಿನ ಸೆರಗ ಹಿಡಕೊಂಡು ಕುಂದರು, ಕಾಲಂತೂ ಇಲ್ಲ, ಗಂಡಸ್ತನಾನೂ ಇಲ್ಲ," ಎಂದು ಬಿಟ್ಟನಂತೆ.

ಟೊಂಗೆ ಮುರಿದಿತ್ತು. ಬೇರೆ ತರಲು ಫಕೀರವ್ವ ಬೇವಿನ ಮರದ ಕಡೆ ಹೋದಳು. ಹೋಗುವಾಗ ದೀಪವನ್ನು ಹಗೇವಿನ ಬಾಯೊಳಗೆ ಅರ್ಧಕ್ಕೆ ಇಳಿಬಿಟ್ಟು ಹೋಗಿದ್ದಳು. ಕಳಕಪ್ಪ ಬಗ್ಗಿ ನೋಡಿದ. ದೀಪ ಉರಿಯುತ್ತಿತ್ತು. ಅರ್ಧಕ್ಕೆ ಉರಿಯುವ ದೀಪ ತಳಕ್ಕೂ ಉರಿಯುತ್ತದೆ ಎಂದುಕೊಂಡ. ಅದೇ ಅವನು ಮಾಡಿದ ತಪ್ಪು, ಕೆಟ್ಟ ಗಾಳಿ ಕೂರುವುದು ತಳದಲ್ಲೇ. ಬೀಜ ತುಂಬುವ ಖಾಲಿ ಚೀಲವನ್ನು ಹಲ್ಲಿನಲ್ಲಿ ಕಚ್ಚಿ, ಹಗ್ಗ ಹಿಡಿದು, ತೋಳಿನ ಬಲದ ಮೇಲೆ ಇಳಿದೇಬಿಟ್ಟ.

ಮೊದಲು ಕಾಳು ಸರಿದ ಸದ್ದು ಕೇಳಿತಂತೆ. ಆಮೇಲೆ ಏನೂ ಕೇಳಲಿಲ್ಲ.

ಗೋಡೆಯ ಆಚೆ ಇದ್ದ ಊರು ಓಡಿತು. ಹಗೇವು ಬಾಯಿ ಹಾಕಿತು, ಇನ್ನು ಯಾರನ್ನು ಬಿಡುತ್ತದೋ ಎಂದು ಓಡಿ ಬಾಗಿಲು ಹಾಕಿಕೊಂಡಿತು. ಗೌಡನೇ ಎಲ್ಲರಿಗಿಂತ ಮುಂದೆ ಓಡಿದನೆಂದು ಹೇಳುತ್ತಾರೆ. ನಿಂತವಳು ಕುರುಡಿ ನೀಲವ್ವ ಒಬ್ಬಳೇ. ಅವಳು ಕೂಗಿದಳು. ಆ ಕೂಗಿಗೆ ಫಕೀರವ್ವನ ಬೀಜ ಬಿತ್ತಿದವರೆಲ್ಲ ಬಂದರು. ಕುಂಟುತ್ತ ಬಂದರು, ತೆವಳುತ್ತ ಬಂದರು, ಗೋಡೆ ಹಿಡಿದು ಬಂದರು. ಕೈ ಇದ್ದವರು ಕೈಯಿಂದ ಹಗ್ಗ ಹಿಡಿದರು, ಕೈ ಇಲ್ಲದವರು ಸೊಂಟಕ್ಕೆ ಸುತ್ತಿಕೊಂಡರು.

ಫಕೀರವ್ವ ಬಂದಳು, ನೋಡಿದಳು. ಸೆರಗು ನೀರಿಗೆ ಅದ್ದಿ ಮೂಗಿಗೆ ಕಟ್ಟಿದಳು. "ಹಗ್ಗ ಅಲ್ಲಾಡಿದ ಕೂಡ್ಲೇ ಜಗ್ಗರಿ," ಎಂದಷ್ಟೇ ಹೇಳಿ ಇಳಿದಳಂತೆ.

ಹಗ್ಗ ಅಲ್ಲಾಡಿತು. ಜಗ್ಗಿದರು. ಎದೆಗೆ ಹಗ್ಗ ಬಿಗಿದಿದ್ದ ಕಳಕಪ್ಪ ಮೇಲೆ ಬಂದ. ಮುಖ ನೀಲಿಗಟ್ಟಿತ್ತು, ಆದರೂ ಉಸಿರಿತ್ತು. ಹಗ್ಗವನ್ನು ಮತ್ತೆ ಇಳಿಬಿಟ್ಟರು. ಕೆಳಗೆ ಯಾರೋ ಅದನ್ನು ಹಿಡಿದಂತಾಯಿತು. ಒಮ್ಮೆ ಭಾರ ಬಿತ್ತು. ಆಮೇಲೆ ಹಗ್ಗ ಸಡಿಲಾಯಿತು. ನೀಲವ್ವ ಹೆಸರು ಹಿಡಿದು ಕರೆದಳು. ಎಲ್ಲರೂ ಕರೆದರು. ಹಗೇವು ಅವರ ದನಿಯನ್ನೇ ಅವರಿಗೆ ತಿರುಗಿ ಕೊಟ್ಟಿತಂತೆ.

ಮುಂದಿನದನ್ನು ಎರಡು ಬಗೆಯಾಗಿ ಹೇಳುತ್ತಾರೆ, ಎರಡನ್ನೂ ಹೇಳುತ್ತೇನೆ. ದೀಪ ತಳದಲ್ಲಿ ಉರಿಯುವವರೆಗೆ ಟೊಂಗೆ ಆಡಿಸಿ, ಇಳಿದು, ಅವಳ ಹೆಣ ತಂದು ತಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು ಎಂದು ಕೆಲವರು. ಇಳಿದವರಿಗೆ ಕಾಳಿನ ಮೇಲೆ ಹೆಜ್ಜೆಗುರುತು ಬಿಟ್ಟು ಬೇರೇನೂ ಸಿಗಲಿಲ್ಲ ಎಂದು ಇನ್ನು ಕೆಲವರು. ನನ್ನ ಅಜ್ಜಿ ಎರಡನೆಯದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು.

ಹಗೇವಿಗೆ ಮಣ್ಣು ತುಂಬಿರಿ, ಆ ಬೀಜಕ್ಕೆ ಹೆಣದ ಸೂತಕ ಎಂದು ಗೌಡ ಹೇಳಿ ಕಳಿಸಿದ. ಆಗ ಕಳಕಪ್ಪ ಒಡೆದ ದನಿಯಲ್ಲಿ, "ಆಕಿ ಬೀಜಕ್ಕ ಇಳೀಲಿಲ್ಲ, ನನಗಾಗಿ ಇಳಿದಳು. ನಾ ಬಿತ್ತದಿದ್ದರ ಆಕಿ ಸುಮ್ಮನ ಸತ್ತಂಗಾತು. ಎತ್ತು ಹೂಡ್ರಿ," ಎಂದನಂತೆ. ಹಗೇವಿನ ಬೀಜ ಮೇಲೆ ತಂದು, ಕೂರಿಗೆಗೆ ಒಂದು ಹಲಗೆ ಕಟ್ಟಿ ಅವನನ್ನು ಅದರ ಮೇಲೆ ಕೂರಿಸಿದರು. ಅವನು ಎತ್ತಿನ ಹಗ್ಗ ಹಿಡಿದ, ನೀಲವ್ವ ಪಕ್ಕದಲ್ಲಿ ನಡೆಯುತ್ತ ಕಾಳು ಬಿಟ್ಟಳು. ಹದ ಆರುವ ಅಂಚಿನಲ್ಲಿತ್ತು. ಊರು ದೂರದ ಬದುವಿನ ಮೇಲೆ ನಿಂತು, ನೆಲ ಯಾವಾಗ ಬಾಯಿ ಬಿಡುತ್ತದೆಂದು ಕಾಯುತ್ತಿತ್ತು.

ನೆಲ ಬಾಯಿ ಬಿಡಲಿಲ್ಲ. ಮೊಳಕೆ ಬಂತು. ಜೋಳ ಆಳೆತ್ತರ ಬೆಳೆದು ತೆನೆ ಬಾಗಿತು. ಹೊಲ ಕಳಕಪ್ಪನದೇ ಆಯಿತು.

ಆದರೆ ಊರಿನ ಅಂಜಿಕೆ ಹೋಯಿತೆಂದು ತಿಳಿಯಬೇಡಿ. ಅದು ಹೊರಳಿತು, ಅಷ್ಟೇ. ಭೂಮಿಗೆ ಅಂಜುತ್ತಿದ್ದವರು ಫಕೀರವ್ವನಿಗೆ ಅಂಜತೊಡಗಿದರು. ಗೌಡನ ಹಗೇವು ತೆರೆದಾಗ ಆಳುಗಳು ಇಳಿಯಲೊಲ್ಲೆವು ಎಂದರಂತೆ. ಒಳಗೆ ಯಾರೋ ಕೂತಿದ್ದಾರೆ, ನಮ್ಮವರಿಗೆ ಕೊಟ್ಟಿರೇನು ಎಂದು ಕೇಳುತ್ತಾರೆ ಎಂದರಂತೆ. ಗೌಡ ಮೊದಲ ಚೀಲವನ್ನು ಅಂಗ ಸೋತವರ ಮನೆಗೆ ಕಳಿಸಿದ. ಆಮೇಲೆ ಆಳುಗಳು ಇಳಿದರು.

ಎರೆಗುಪ್ಪಿಯಲ್ಲಿ ಇಂದಿಗೂ ಅಂಗ ಸೋತವರು ಹೊಸದಾಗಿ ಒಕ್ಕಲುತನ ಹಿಡಿದರೆ ಊರಿನ ಬಿತ್ತನೆ ಅವರ ಹೊಲದಿಂದಲೇ ಶುರು. ಮನೆಮನೆಯಿಂದ ಬೀಜ ಬರುತ್ತದೆ, ಎತ್ತು ಬರುತ್ತದೆ, ಆಳು ಬರುತ್ತದೆ. ಅದಕ್ಕೆ ಫಕೀರವ್ವನ ಮುಯ್ಯಿ ಎನ್ನುತ್ತಾರೆ, ಅದನ್ನು ತೀರಿಸಬೇಕಾಗಿಲ್ಲ. ಬಿತ್ತುವ ಮುಂಚೆ ಹಿರಿಯರು ಅವಳ ಹಳೆಯ ಹಗೇವಿನ ಬಾಯಿಗೆ ಬಗ್ಗಿ, ಆ ವರ್ಷ ಯಾರು ಹೊಸದಾಗಿ ಬಿತ್ತುತ್ತಾರೆಂದು ಹೆಸರು ಹಿಡಿದು ಹೇಳುತ್ತಾರೆ. ಹೊಸಬರು ಯಾರೂ ಇಲ್ಲದ ವರ್ಷವೂ ಹೋಗುತ್ತಾರೆ. "ಈ ಸಲ ಯಾರೂ ಇಲ್ಲ, ಯವ್ವಾ. ಎಲ್ಲಾರನ್ನೂ ಕೇಳೇವಿ, ಖರೇನ ಯಾರೂ ಇಲ್ಲ," ಎಂದು ಹೇಳಿ, ಹಿಂದೆ ತಿರುಗಿ ನೋಡದೆ ಬೇಗ ಬೇಗ ಮನೆಗೆ ಬರುತ್ತಾರೆ.