ಯಾವ ದಿನದ್ದು ಹೇಳಲಿ?

ತಿಪಟೂರಿನ ಹಾಲಮ್ಮನಿಗೆ ಒಬ್ಬನೇ ಮಗ, ಗುರುಶಾಂತ. ಒಬ್ಬನೇ ಆದದ್ದು ಪುಣ್ಯ ಅನ್ನಿ, ಇಬ್ಬರಾಗಿದ್ದರೆ ಹಾಲಮ್ಮ ಉಳಿಯುತ್ತಿರಲಿಲ್ಲ! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲಷ್ಟು ಆಚೆ ಇಲ್ಲ, ಈಚೆ ಇಲ್ಲ. ಅದರಿಂದಲೇ ಮೂರು ಕಡೆಯ ಹೆಣ್ಣು ತಪ್ಪಿ ವಯಸ್ಸು ಮೂವತ್ತೆರಡು ತುಂಬಿತ್ತು. ಬರುವ ಭಾನುವಾರ ಅರಸೀಕೆರೆಯವರು ಗಂಡು ನೋಡಲು ಬರುವವರಿದ್ದರು. ಇದೂ ತಪ್ಪಿದರೆ ಇನ್ನು ಯಾರನ್ನೂ ಕೇಳಲಾರೆ ಅಂತ ಹಾಲಮ್ಮ ಕಣ್ಣೀರು ಹಾಕಿದ್ದಳು.

ಅದೇ ವಾರ ಅವನಿಗೆ ಊರಿನದೇ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ತಾಲ್ಲೂಕಿನ ದನಗಳ ವಿವರವೆಲ್ಲ ಅಲ್ಲಿಯ ಡೇಟಾಬೇಸಿನಲ್ಲಿ. ಯಾವ ಹಸು ಯಾರದ್ದು, ಎಂದು ಕರು ಹಾಕಿತು, ಎಲ್ಲ.

ಆಫೀಸಿನ ಮುಖ್ಯಸ್ಥೆ ನಳಿನಾ ಮೇಡಂ ಮೊದಲ ದಿನವೇ ಹೇಳಿದರು: "ನೋಡಪ್ಪ, ಇಲ್ಲಿ ಬರೆದದ್ದನ್ನ ಅಳಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಹೊಸದನ್ನ ತಾರೀಖು ಹಾಕಿ ಕೆಳಗೆ ಬರಿ. ಹಳೇದು ಹಾಗೇ ಇರ್ಲಿ."

ಪಕ್ಕದಲ್ಲಿ ಪ್ರೋಗ್ರಾಂ ಬರೆಯುವವರೂ ದನಿಗೂಡಿಸಿದರು. "ಮೊದಲು ತಲೆನೋವು ಅನ್ಸುತ್ತೆ ಗುರು, ಆಮೇಲೆ ಇದೇ ಸುಖ! ನೀನು ಏನೇ ಕೆಡಿಸು, ನಿನ್ನೆಯದು ನಿನ್ನೆ ಇದ್ದ ಹಾಗೇ ಇರುತ್ತೆ!"

ಗುರುಶಾಂತನಿಗೆ ಬಲು ಹಿಡಿಸಿತು. ಮನೆಯಲ್ಲಿ ಅಮ್ಮನಿಗೆ ಮಂಡಿನೋವು, ರಂಗೋಲಿ ಬಿಡುವ ಕೆಲಸ ಇವನದು. ಸೋಮವಾರದ್ದನ್ನು ಅಳಿಸಲಿಲ್ಲ, ಅದರ ಕೆಳಗೆ ಮಂಗಳವಾರದ್ದು ಬಿಟ್ಟ. ಅದರ ಕೆಳಗೆ ಬುಧವಾರದ್ದು. ಒಂದೊಂದಕ್ಕೂ ತಾರೀಖು! ಗುರುವಾರದ್ದು ಎದುರುಮನೆ ಬಾಗಿಲು ಮುಟ್ಟಿತು. ಹಾಲಿನವನು ಸೈಕಲ್ ಹೊತ್ತುಕೊಂಡು ದಾಟಿದ.

"ಅಯ್ಯೋ ನನ್ನ ಹಣೆಬರಹವೇ!" ಅಂದಳು ಹಾಲಮ್ಮ. "ಹಳೇದು ಯಾರಿಗೋ ಬೇಕು? ಇವತ್ತಿನದು ಇದ್ರೆ ಸಾಕು, ಮಿಕ್ಕಿದ್ದು ಗುಡಿಸಿ ಹಾಕು!"

"ಆಗ್ಲಿ ಕಣಮ್ಮ!"

ಶುಕ್ರವಾರ ಆಫೀಸಿಗೆ ಹೋದವನೇ ಡೇಟಾಬೇಸಿನ ಹಳೇದನ್ನೆಲ್ಲ ಗುಡಿಸಿದ. ಮಧ್ಯಾಹ್ನದ ಹೊತ್ತಿಗೆ ಇಡೀ ತಾಲ್ಲೂಕಿನಲ್ಲಿ ಉಳಿದದ್ದು ಅವತ್ತು ಬರೆದ ಮೂರೇ ಹಸು! ನಳಿನಾ ಮೇಡಂ ಎದೆ ಹಿಡಿದುಕೊಂಡು ಓಡಿಬಂದರು. ನಿನ್ನೆ ಸಂಜೆ ಹೇಗಿತ್ತೋ ಹಾಗೆ ತೋರಿಸು ಅಂತ ಡೇಟಾಬೇಸನ್ನೇ ಕೇಳಿದರು. ಎಲ್ಲ ದನವೂ ಬಂದು ನಿಂತವು, ಒಂದು ಕರುವೂ ತಪ್ಪಿರಲಿಲ್ಲ.

"ದಡ್ಡಾ! ಇಲ್ಲಿ ಒಂದೊಂದು ದಿನಕ್ಕೂ ಒಂದೊಂದು ಉತ್ತರ ಇರುತ್ತೆ ಕಣೋ. ಯಾರು ಏನೇ ಕೇಳಲಿ, ಯಾವ ದಿನದ್ದು ಅಂತ ಮೊದಲು ಕೇಳು. ಆಮೇಲೆ ಬಾಯಿ ಬಿಡು!"

"ಆಗ್ಲಿ ಮೇಡಂ!"

ಭಾನುವಾರ ಬಂತು. ಅರಸೀಕೆರೆಯ ಓಂಕಾರಪ್ಪನವರು ಮಗಳು ಶೈಲಜಳ ಜೊತೆ ಬಂದು ಚಾಪೆಯ ಮೇಲೆ ಕೂತರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು ಕೇಳಿದರು: "ಏನಪ್ಪಾ, ಕುಡಿಯೋ ಅಭ್ಯಾಸ ಏನಾದ್ರೂ ಉಂಟಾ?"

"ಯಾವ ದಿನದ್ದು ಹೇಳಲಿ?"

ಓಂಕಾರಪ್ಪ ಟವೆಲ್ ಕೊಡವಿ ಎದ್ದೇಬಿಟ್ಟರು! ಹಾಲಮ್ಮ "ಕೂತ್ಕೊಳಿ ಯಜಮಾನ್ರೇ, ಒಂದ್ನಿಮಿಷ" ಅನ್ನುತ್ತ ಮಗನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. ಪಾಪ, ಮಜ್ಜಿಗೆ ಬಿಟ್ಟು ಇನ್ನೊಂದು ಕುಡಿದವನಲ್ಲ ಅವನು.

"ದಿನ ಗಿನ ಎತ್ತಿದರೆ ನೋಡು! ಏನು ಕೇಳಿದರೂ ಇಲ್ಲ ಅನ್ನು. ಹುಟ್ಟಿದಾಗಿಂದ ಇಲ್ಲ, ಮುಂದೂ ಇಲ್ಲ ಅನ್ನು. ಅದೊಂದೇ ಮಾತು!"

"ಆಗ್ಲಿ ಕಣಮ್ಮ!"

ಆಚೆ ಬಂದು ಹೇಳಿದ, "ಇಲ್ಲ! ಹುಟ್ಟಿದಾಗಿಂದ ಇಲ್ಲ, ಮುಂದೂ ಇಲ್ಲ!" ಓಂಕಾರಪ್ಪನ ಮುಖ ಅರಳಿತು. ಇಸ್ಪೀಟು? ಇಲ್ಲ! ಸಿಗರೇಟು? ಇಲ್ಲ! ಇಂಥ ಗಂಡು ದೀಪ ಹಿಡಿದು ಹುಡುಕಿದರೂ ಸಿಗೋದಿಲ್ಲ ಅಂದರು.

ಶೈಲಜ ತಲೆ ಎತ್ತಿ ಮೆಲ್ಲಗೆ ಕೇಳಿದಳು. "ನಾನು ಇಷ್ಟ ಆದೆನಾ?"

"ಇಲ್ಲ! ಹುಟ್ಟಿದಾಗಿಂದ ಇಲ್ಲ, ಮುಂದೂ ಇಲ್ಲ!"

ಹಾಲಮ್ಮ ಗೋಡೆ ಹಿಡಿದುಕೊಂಡಳು. ಆದರೆ ಹುಡುಗಿ ಅವನ ಮುಖ ನೋಡಿದಳು, ಕಿವಿಯವರೆಗೂ ಕೆಂಪು! ಅಡಿಗೆಮನೆಯ ಪಾಠ ಅವಳಿಗೂ ಕೇಳಿಸಿತ್ತು. ಜಾಣೆ, ತುಟಿ ಕಚ್ಚಿ ನಗು ತಡೆದು ಮತ್ತೆ ಕೇಳಿದಳು.

"ಹಾಗಾದ್ರೆ ಬೇರೆ ಹುಡುಗೀನ ನೋಡ್ತೀರಾ?"

"ಇಲ್ಲ! ಹುಟ್ಟಿದಾಗಿಂದ ಇಲ್ಲ, ಮುಂದೂ ಇಲ್ಲ!"

"ಅಪ್ಪಾ, ನಂಗೆ ಒಪ್ಪಿಗೆ," ಅಂದಳು.

ಹಾಲಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಆನಂದದಿಂದ ಅತ್ತೇಬಿಟ್ಟಳು. ಓಂಕಾರಪ್ಪ ತಾಂಬೂಲ ಕೈಗೆತ್ತಿಕೊಂಡು, ನಗುನಗುತ್ತ ಭಾವಿ ಅಳಿಯನ ಬೆನ್ನು ತಟ್ಟಿದರು. "ಹಂಗಾದ್ರೆ ಅಳಿಯಂದ್ರೇ, ಮುಹೂರ್ತದ ಹೊತ್ತಿಗೆ ಸರಿಯಾಗಿ ಬಂದು ತಾಳಿ ಕಟ್ತೀರಿ ತಾನೆ?"

"ಇಲ್ಲ!" ಅಂದ ಗುರುಶಾಂತ, ಎದೆಯುಬ್ಬಿಸಿಕೊಂಡು. "ಹುಟ್ಟಿದಾಗಿಂದ ಇಲ್ಲ, ಮುಂದೂ ಇಲ್ಲ!"