ಎಲ್ಲ ಕಡೆ ಕಾದವನು

ಬೆಟ್ಟದ ಬುಡದಲ್ಲಿ ಒಂದು ಆಶ್ರಮ. ಪ್ರತಿ ಹುಣ್ಣಿಮೆ ಕಳೆದ ಭಾನುವಾರ ಪಕ್ಕದ ಊರಿನ ಹಿರಿಯರೆಲ್ಲ ಬೆಳಗ್ಗೆಯೇ ಅಲ್ಲಿಗೆ ಬಂದು ಸೇರುವರು. ಗುರುಗಳ ಜೊತೆ ಬೆಟ್ಟ ಹತ್ತಿ, ಮೇಲಿನ ಕೊಳದ ದಡದಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಇಳಿದು ಬರುವರು.

ಅರವತ್ತು ದಾಟದವರಿಗೆ ಆ ಗುಂಪಿನಲ್ಲಿ ಜಾಗವಿರಲಿಲ್ಲ. ಶಿಷ್ಯ ನಂಜುಂಡನಿಗೆ ಮಾತ್ರ ವಿನಾಯಿತಿ. ನೀರು ಹೊರಲು ಯಾರಾದರೂ ಬೇಕಲ್ಲ.

ಒಂದು ಸಲ ಗುರುಗಳು ಅವನನ್ನು ಕರೆದರು. "ಈ ಸಲ ನೀನೇ ಮುಂದೆ ನಿಂತು ಕರಕೊಂಡು ಹೋಗು. ನಾನು ಅವರಲ್ಲೊಬ್ಬನಾಗಿ ಬರ್ತೀನಿ."

"ಯಾರಾದ್ರೂ ಜಾರಿ ಬಿದ್ರೆ ಗುರುಗಳೇ?"

"ಎತ್ತು."

"ದಾರಿ ತಪ್ಪಿದ್ರೆ?"

"ಹುಡುಕು."

"ಚಿರತೆ ಬಂದ್ರೆ?"

"ಅದಕ್ಕೂ ವಯಸ್ಸಾಗಿದೆಯಾ ನೋಡು. ಆಗಿದ್ರೆ ಗುಂಪಿಗೆ ಸೇರಿಸ್ಕೋ."

ನಂಜುಂಡನಿಗೆ ನಗು ಬರಲಿಲ್ಲ. ಮುಲಾಮು, ಬಟ್ಟೆಪಟ್ಟಿ, ಗ್ಲೂಕೋಸ್ ಪುಡಿ, ಹಗ್ಗ, ಎಲ್ಲವನ್ನೂ ಚೀಲಕ್ಕೆ ತುರುಕಿದ. ತುರುಕಿದಷ್ಟೂ ಭಯ ಹೆಚ್ಚಾಯಿತು.

ಎಲ್ಲರೂ ಹೊರಟರು. ನಿವೃತ್ತ ಡ್ರಿಲ್ ಮಾಸ್ತರು ಬೋರೇಗೌಡರು ಎಂದಿನಂತೆ ದಾಪುಗಾಲು ಹಾಕಿದರು. ಅವರ ಹಿಂದೆ ಉಳಿದವರು. ಎಲ್ಲರಿಗಿಂತ ಹಿಂದೆ ಬಳೆ ಅಂಗಡಿ ಪುಟ್ಟತಾಯಮ್ಮ. ಜೀವಮಾನವೆಲ್ಲ ಅಂಗಡಿಯಲ್ಲಿ ಕೂತು ಅವರ ಮಂಡಿ ಹಿಡಿದುಹೋಗಿತ್ತು. ಆದರೂ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ. "ಈ ಒಂದು ದಿನ ಇದೆ ಅಂತಲೇ ಉಳಿದ ದಿನ ದೂಡ್ತೀನಿ," ಎನ್ನುತ್ತಿದ್ದರು.

ಗೋಣಿಮರದ ನೆರಳು ಬಂತು. ಎಲ್ಲರೂ ಕೂತು ನೀರು ಕುಡಿದರು, ಹರಟೆ ಹೊಡೆದರು. ನಂಜುಂಡ ಮಾತ್ರ ಕಲ್ಲಿನ ಮೇಲೆ ಹತ್ತಿ ಕೆಳಗಿನ ದಾರಿಯನ್ನೇ ನೋಡುತ್ತಿದ್ದ. ತಿರುವಿನಲ್ಲಿ ಪುಟ್ಟತಾಯಮ್ಮನ ಸೆರಗು ಕಂಡಮೇಲೆ ಅವನಿಗೆ ಹೋದ ಜೀವ ಬಂದಂತಾಯಿತು.

ಅವರು ಏದುಸಿರು ಬಿಡುತ್ತ ಮರದ ಕೆಳಗೆ ಬಂದರು.

"ಸದ್ಯ, ಎಲ್ಲರೂ ಬಂದಾಯ್ತು. ಏಳಿ, ಹೊರಡೋಣ!" ನಂಜುಂಡ ಚೀಲ ಹೆಗಲಿಗೇರಿಸಿದ.

ಮುರುಕು ಮಂಟಪದ ಬಳಿಯೂ ಹಾಗೆಯೇ ಆಯಿತು. ಉಳಿದವರು ಕಂಬಕ್ಕೆ ಒರಗಿ ಕೂತರು, ಅವನು ನಿಂತು ದಾರಿ ನೋಡಿದ, ಪುಟ್ಟತಾಯಮ್ಮ ಬಂದರು, ಎಲ್ಲರೂ ಎದ್ದರು. ಚಪ್ಪಟೆ ಬಂಡೆಯ ಬಳಿ ಮೋಡ ಕಟ್ಟುವುದನ್ನು ಕಂಡು, ಪುಟ್ಟತಾಯಮ್ಮ ಬರುತ್ತಿದ್ದಂತೆ ಅವನು ಎಲ್ಲರನ್ನೂ ಇನ್ನಷ್ಟು ಬೇಗ ಎಬ್ಬಿಸಿದ.

ಕೊಳ ಬಂತು. ಬುತ್ತಿ ಬಿಚ್ಚಿದರು. ನಂಜುಂಡ ದಡದ ಮೇಲೆ ನಿಂತು ನೋಡಿದ. ನೋಡುತ್ತಲೇ ಇದ್ದ. ಸೆರಗು ಕಾಣಲಿಲ್ಲ.

"ಪುಟ್ಟತಾಯಮ್ಮನೋರೇ!"

ಬೆಟ್ಟ ಅವನ ಕೂಗನ್ನೇ ಅವನಿಗೆ ತಿರುಗಿಸಿ ಕೊಟ್ಟಿತು.

"ಹಿಂದೇನೇ ಇದ್ರಲ್ಲಪ್ಪಾ," ಎಂದು ಬೋರೇಗೌಡರು ತುತ್ತು ಕೆಳಗಿಟ್ಟರು. ಯಾರಿಗೂ ಊಟ ಸೇರಲಿಲ್ಲ.

ನಂಜುಂಡ ಬಂದ ದಾರಿಯಲ್ಲೇ ಇಳಿಯತೊಡಗಿದ. ಗುರುಗಳೂ ಎದ್ದು ಅವನ ಹಿಂದೆ ಬಂದರು. ಅವನು ಒಂದೊಂದು ಇಳಿಜಾರಿನ ಅಂಚಿಗೂ ಹೋಗಿ ಬಗ್ಗಿ ನೋಡಿದ. ಪೊದೆ ಅಲುಗಿದರೆ ಚಿರತೆ. ಕಲ್ಲು ಉರುಳಿದರೆ ಪುಟ್ಟತಾಯಮ್ಮ.

"ಏನಾದ್ರೂ ಆಗಿದ್ರೆ ಅವರ ಮಗಳಿಗೆ ಯಾವ ಮುಖ ತೋರಿಸಲಿ ಗುರುಗಳೇ?"

ಗುರುಗಳು ಕೋಲೂರಿ ಅವನ ಹಿಂದೆಯೇ ಇಳಿಯುತ್ತಿದ್ದರು.

"ಸಿಕ್ಕಿಬಿಟ್ರೆ ಸಾಕು. ಇನ್ಮೇಲೆ ಅವರನ್ನ ಕರಕೊಂಡು ಬರೋದೇ ಬೇಡ."



ದಾರಿಯಿಂದ ಸ್ವಲ್ಪ ಒಳಗೆ ಒಂದು ದೊಡ್ಡ ಗುಂಡುಕಲ್ಲು. ಅದರ ಮರೆಯಲ್ಲಿ ಪುಟ್ಟತಾಯಮ್ಮ ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತು, ಕಡ್ಲೆಪುರಿ ತಿನ್ನುತ್ತಿದ್ದರು.

ನಂಜುಂಡನಿಗೆ ಅಳುವೂ ಬಂತು, ಸಿಟ್ಟೂ ಬಂತು. "ನಾನು ಕೂಗಿದ್ದು ಕೇಳಿಸ್ಲಿಲ್ವಾ ಅಮ್ಮಾ?"

"ಕೇಳಿಸ್ತು ಕಂದ."

"ಮತ್ತೆ ಓ ಅನ್ನಬಾರದಿತ್ತಾ?"

"ಓ ಅಂದಿದ್ರೆ ಏಳಬೇಕಾಗ್ತಿತ್ತು."

ಅಷ್ಟರಲ್ಲಿ ಅವರಿಗೆ ಗುರುಗಳು ಕಂಡರು. ಗಡಿಬಿಡಿಯಿಂದ ಸೆರಗು ಸರಿಮಾಡಿಕೊಂಡರು. "ತಪ್ಪಾಯ್ತು ಬುದ್ಧೀ. ಮುಂದಿನ ಸಲ ನೀನು ಬರಬೇಡ ಅಂತ ಮಾತ್ರ ಅನ್ನಬೇಡಿ."

ಗುರುಗಳು ಅವರ ಪಕ್ಕದಲ್ಲಿ ಕೂತರು. ತಾವೂ ಚಪ್ಪಲಿ ಬಿಟ್ಟು ಕಾಲು ಚಾಚಿದರು. ಆಮೇಲೆ ಬೊಗಸೆ ಒಡ್ಡಿದರು. ಪುಟ್ಟತಾಯಮ್ಮ ಅದಕ್ಕೆ ಕಡ್ಲೆಪುರಿ ಸುರಿದರು.

ನಂಜುಂಡ ನಿಂತೇ ಇದ್ದ. "ಮೇಲೆ ಎಲ್ಲರೂ ಗಾಬರಿಯಾಗಿದ್ದಾರೆ. ಮೋಡ ಬೇರೆ ಕವೀತಾ ಇದೆ. ಹೊರಡೋಣ ಗುರುಗಳೇ."

ಗುರುಗಳು ನಿಧಾನವಾಗಿ ಅಗಿದು ನುಂಗಿದರು. "ಮುಂದಿನ ಸಲ ಎಲ್ಲರಿಗಿಂತ ಮುಂದೆ ಇವರೇ ನಡೀಲಿ. ಇವರನ್ನ ಯಾರೂ ದಾಟಬಾರದು. ಬೋರೇಗೌಡರಿಗೂ ಹೇಳು."

ನಂಜುಂಡನ ಮುಖ ಕೆಂಪಾಯಿತು. "ಅಂದ್ರೆ ತಪ್ಪು ನನ್ನದಾ? ಗೋಣಿಮರದ ಹತ್ರ ಇವರಿಗಾಗಿ ಕಾದೆ. ಮಂಟಪದ ಹತ್ರ ಕಾದೆ. ಬಂಡೆ ಹತ್ರಾನೂ ಕಾದೆ. ಎಲ್ಲರೂ ಕೂತಿದ್ರೂ ನಾನು ಕೂರಲಿಲ್ಲ. ಇವರು ಬಾರದೆ ಒಂದು ಹೆಜ್ಜೆ ಮುಂದಿಡಲಿಲ್ಲ!"

"ಕಾದೆ ಮಗು, ನಾನೂ ನೋಡಿದೆ," ಎಂದರು ಗುರುಗಳು. "ಇವರು ಬಂದು ಸೇರಿದ ಮೇಲೆ ಎಷ್ಟು ಹೊತ್ತು ಕಾದೆ?"